ಕಡಲಿಗೆ ಚೆಲ್ಲಿದ ಪ್ಲಾಸ್ಟಿಕ್ ಕಾಳು

ಬಕೆಟ್, ಬಿಂದಿಗೆ, ಕುರ್ಚಿ, ಹಾಲಿನ ಪ್ಯಾಕೆಟ್ಟು ಯಾವುದೇ ಇರಲಿ, ಕಾರ್ಖಾನೆಗೆ ಅದರ ಪ್ಲಾಸ್ಟಿಕ್ ಬರುವುದು ಮಸೂರ ಬೇಳೆ ಗಾತ್ರದ ಕಾಳಿನ ರೂಪದಲ್ಲಿ. ನರ್ಡಲ್ ಎಂಬುದು ಇದರ ಹೆಸರು. ಐದು ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ಕೆಲ್ಲ ಮೈಕ್ರೋಪ್ಲಾಸ್ಟಿಕ್. ಬಾಟಲಿ ಸವೆದು ಪುಡಿಯಾಗಲು ವರ್ಷಗಳು ಬೇಕು. ನರ್ಡಲ್‌ ಹುಟ್ಟುವುದೇ ಮೈಕ್ರೋಪ್ಲಾಸ್ಟಿಕ್ ಆಗಿ.

2021ರ ಮೇ 20ರಂದು ಕೊಲಂಬೊ ಬಂದರಿನ ಹೊರಗೆ ಲಂಗರು ಹಾಕಿದ್ದ ‘ಎಕ್ಸ್-ಪ್ರೆಸ್ ಪರ್ಲ್’ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿದ್ದ ನೈಟ್ರಿಕ್ ಆಮ್ಲದ ಕಂಟೇನರೊಂದು ಮೊದಲೇ ಸೋರುತ್ತಿತ್ತು. ಅದನ್ನು ಇಳಿಸಿಕೊಳ್ಳಲು ಕತಾರಿನ ಹಮದ್ ಬಂದರಾಗಲಿ, ಗುಜರಾತಿನ ಹಜೀರಾ ಆಗಲಿ ಒಪ್ಪಿರಲಿಲ್ಲ. ಜೂನ್‌ನಲ್ಲಿ ಹಡಗು ಮುಳುಗಿತು. ಅದರಲ್ಲಿದ್ದ ನರ್ಡಲ್‌ ಸುಮಾರು 1,680 ಟನ್.

ನೆಗೊಂಬೊ ಬಳಿಯ ಸರಕ್ಕುವ ದಂಡೆಯಲ್ಲಿ ಕೆಲವೆಡೆ ಮರಳೇ ಕಾಣದಂತೆ ಬಿಳಿ ಕಾಳು ಹರಡಿತು. ಮೀನುಗಾರಿಕೆ ನಿಂತಿತು, ಸತ್ತ ಕಡಲಾಮೆಗಳು ದಡಕ್ಕೆ ಬಂದವು. ಜನ ಮರಳನ್ನು ಜರಡಿ ಹಿಡಿದು ಕಾಳು ಹೆಕ್ಕಿದರು. ಬಿಳಿಯದ್ದಾದರೆ ಕಣ್ಣಿಗೆ ಬೀಳುತ್ತದೆ. ಬೆಂಕಿಯಲ್ಲಿ ಬೆಂದದ್ದು ಕಂದು, ಕಪ್ಪು ಬಣ್ಣಕ್ಕೆ ತಿರುಗಿ ಕಲ್ಲಿನ ಚೂರಿನಂತೆ ಬಿದ್ದಿರುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಆ ಪುಡಿಯನ್ನು ಯಾವ ಜರಡಿಯೂ ಹಿಡಿಯದು. ಹೆಕ್ಕದೆ ಉಳಿದ ಕಾಳನ್ನು ಮೀನುಗಳು, ಹಕ್ಕಿಗಳು ಮೊಟ್ಟೆಯೆಂದೇ ನುಂಗುತ್ತವೆ. ನೀರಿನಲ್ಲಿರುವ ವಿಷವಸ್ತುಗಳೂ ಇದರ ಮೈಗೆ ಅಂಟಿಕೊಳ್ಳುತ್ತವೆ.

ಶ್ರೀಲಂಕಾದ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಈ ದುರಂತಕ್ಕೆ ಹಡಗಿನವರು ನೂರು ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಅದಕ್ಕೆ ಎರಡು ತಿಂಗಳ ಮುಂಚೆ, ಮೇ 25ರಂದು, ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು ನಮ್ಮ ಪಕ್ಕದ ಕೇರಳದ ಕಡಲಿನಲ್ಲಿ ಮುಳುಗಿತ್ತು. ಎಲ್ಲರ ಆತಂಕ ಅದರಲ್ಲಿದ್ದ ಎಣ್ಣೆ ಮತ್ತು ಕ್ಯಾಲ್ಸಿಯಂ ಕಾರ್ಬೈಡ್ ಬಗ್ಗೆ. ದಡಕ್ಕೆ ಬಂದದ್ದು ಮತ್ತದೇ ಬಿಳಿ ಕಾಳು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಕಡಲ ಪ್ರವಾಹ ದಕ್ಷಿಣಕ್ಕೆ ಸಾಗುವುದರಿಂದ ಅದು ತಿರುವನಂತಪುರದತ್ತ ಹೋಯಿತು. ಚಳಿಗಾಲದಲ್ಲಿ ಈ ಪ್ರವಾಹ ಉತ್ತರಕ್ಕೆ, ಮಂಗಳೂರು, ಮಲ್ಪೆ, ಕಾರವಾರದ ಕಡೆಗೆ ತಿರುಗುತ್ತದೆ. ಇದು ನೆರೆರಾಜ್ಯದ ತಾಪತ್ರಯವೆಂದು ನಾವು ಸುಮ್ಮನಿರುವ ಹಾಗಿಲ್ಲ.

ಇಷ್ಟಾದರೂ ಹಡಗು ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳಲ್ಲಿ ನರ್ಡಲ್‌ ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಲ್ಲ. ಆಮ್ಲಕ್ಕೆ, ಕಾರ್ಬೈಡಿಗೆ ಇರುವ ಕಟ್ಟುನಿಟ್ಟು ಇದಕ್ಕಿಲ್ಲ. ಗಟ್ಟಿ ಚೀಲದಲ್ಲಿ ತುಂಬಿ, ಡೆಕ್ಕಿನ ಕೆಳಗಿಟ್ಟು, ಸರಕಿನ ವಿವರ ಸ್ಪಷ್ಟವಾಗಿ ತಿಳಿಸಿ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2024ರಲ್ಲಿ ಹೇಳಿತು ನಿಜ. ಆದರೆ ಅದು ಬರೀ ಸಲಹೆ. ಅದನ್ನು ಕಡ್ಡಾಯ ಮಾಡಿಸಲು ಭಾರತ ಪಟ್ಟು ಹಿಡಿಯಬೇಕು. ಕೇರಳದ ದಂಡೆಗೆ ಬಂದ ಕಾಳಿಗಿಂತ ದೊಡ್ಡ ಪುರಾವೆ ನಮಗೆ ಬೇಕಿಲ್ಲ.