ಬಟ್ಟೆಯ ಮೇಲೆ ಬಿಸಿಯ ಬರಹ

ನಮ್ಮ ಬೀದಿಯ ಗೃಹಿಣಿಯೊಬ್ಬರು ಹೀಟ್ ಪ್ರೆಸ್ ಯಂತ್ರವೊಂದನ್ನು ಕೊಂಡು, ಮನೆಯ ಹಿಂದಿನ ಕೋಣೆಯಲ್ಲಿ ಪುಟ್ಟ ಉದ್ಯಮವನ್ನು ಆರಂಭಿಸಿದರು. ರಾಜ್ಯೋತ್ಸವ ಸಮೀಪಿಸಿತ್ತು. ಬಡಾವಣೆಯ ತರುಣರು 40 ಹಳದಿ ಅಂಗಿಗಳನ್ನು ತಂದುಕೊಟ್ಟು, ಎದೆಯ ಮೇಲೆ ಕೆಂಪು ಬಣ್ಣದ ಕನ್ನಡ ಅಕ್ಷರಗಳನ್ನು ಮೂಡಿಸಿಕೊಡಬೇಕೆಂದರು. ಕೆಲಸ ಸೊಗಸಾಗಿಯೇ ಮುಗಿಯಿತು. ಆದರೆ ಮೊದಲನೆಯ ಒಗೆತಕ್ಕೆ ಅಕ್ಷರಗಳು ಮಂಕಾದವು, ಮೂರನೆಯದಕ್ಕೆ ಮಾಯವಾದವು! ಪಡೆದ ಹಣವನ್ನೆಲ್ಲ ಹಿಂದಿರುಗಿಸಿದ ಆಕೆ, ಬಣ್ಣ ಕಲಬೆರಕೆಯದೋ ಯಂತ್ರವೇ ಕೆಟ್ಟದ್ದೋ ತಿಳಿಯದೆ ಕೊರಗಿದರು. ತಪ್ಪು ಎರಡರದೂ ಅಲ್ಲ. ಆ ಅಂಗಿಗಳು ಅಪ್ಪಟ ಹತ್ತಿಯವಾಗಿದ್ದವು.

ಹತ್ತಿಯಾದರೇನು ಎಂದು ವಾಚಕರು ಕೇಳಬಹುದು. ದೇವರ ಮನೆಯ ಕರ್ಪೂರವನ್ನು ನೆನೆಯಿರಿ. ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಅದು ಕರಗಿ ನೀರಾಗದೆ ಹಾಗೆಯೇ ಆವಿಯಾಗಿ ಹೋಗುತ್ತದೆಯಲ್ಲವೇ? ಘನವಸ್ತು ದ್ರವವಾಗದೆ ನೇರವಾಗಿ ಅನಿಲವಾಗುವ ಈ ಕ್ರಿಯೆಗೆ ಉತ್ಪತನವೆಂದು ಹೆಸರು. ಆಕೆ ಬಳಸಿದ ಕಾಗದದ ಬಣ್ಣದ ಗುಣವೂ ಇದೇ. ಬಿಸಿ ತಗುಲಿದೊಡನೆ ಅದು ಆವಿಯಾಗಿ ಬಟ್ಟೆಯೊಳಕ್ಕೆ ನುಗ್ಗುತ್ತದೆ.

ಈ ಆವಿಗೆ ಮನೆಯಾಗಬಲ್ಲದ್ದು ಪಾಲಿಯೆಸ್ಟರ್ ನೂಲು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ರೂಪಿಸಿದ ಈ ನೂಲಿನ ಎಳೆ, ಕಾದಾಗ ಒಳಗೊಳಗೇ ಸಡಿಲಗೊಂಡು ಬಣ್ಣಕ್ಕೆ ಎಡೆಮಾಡಿಕೊಡುತ್ತದೆ. ತಣಿದಾಗ ಅದನ್ನು ತನ್ನಲ್ಲೇ ಬಂಧಿಸಿಕೊಳ್ಳುತ್ತದೆ. ಹತ್ತಿಗೂ ಈ ಬಣ್ಣಕ್ಕೂ ಅಂತಹ ನಂಟಿಲ್ಲ. ಮೇಲ್ಮೈಗೆ ಅಂಟಿದ್ದ ಬಣ್ಣ ಸಾಬೂನಿನೊಡನೆ ಹರಿದುಹೋಗುತ್ತದೆ.

ಮಾಡುವ ಕ್ರಮ ಕಠಿಣವೇನಲ್ಲ. ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕಾಗದದ ಮೇಲೆ ಮುದ್ರಿಸಬೇಕು. ಮರೆತರೆ ಅಂಗಿಯ ಮೇಲೆ ಅಕ್ಷರಗಳೆಲ್ಲ ತಿರುಗುಮುರುಗು! ಬಟ್ಟೆಯನ್ನು ಕೆಲವು ಕ್ಷಣ ಬರಿದೇ ಒತ್ತಿ ತೇವವನ್ನು ಕಳೆದು, ಕಾಗದವನ್ನು ಅಲುಗಾಡದಂತೆ ಕೂರಿಸಿ, ಸುಮಾರು 190ರಿಂದ 200 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ನಿಮಿಷದೊಳಗೆ ಒತ್ತಿ ತೆಗೆಯುವುದು ರೂಢಿ. ಕಾಗದ ಜರುಗಿದರೆ ಚಿತ್ರಕ್ಕೆ ನೆರಳು ಬೀಳುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯಿಂದ ಎಲ್ಲೆಡೆ ಸಮನಾದ ಬಿಸಿಯೂ ಒತ್ತಡವೂ ದೊರೆಯಲಾರವು. ಇನ್ನೊಂದು ಮಾತು: ಈ ಬಣ್ಣ ಪಾರದರ್ಶಕ. ಬಿಳಿಯ ಅಥವಾ ತಿಳಿ ಬಣ್ಣದ ಬಟ್ಟೆಯ ಮೇಲಷ್ಟೇ ಅದರ ಸೊಬಗು ಕಾಣುತ್ತದೆ. ಕರಿಯ ಬಟ್ಟೆಯಲ್ಲಿ ಅದು ಅಡಗಿಹೋಗುತ್ತದೆ.

ಹಾಗಾದರೆ ಹತ್ತಿಯ ಅಂಗಿಗೆ ಚಿತ್ರದ ಭಾಗ್ಯವೇ ಇಲ್ಲವೇ? ಉಂಟು. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಚಿತ್ರವನ್ನು ಮುದ್ರಿಸಿ, ಅದರ ಮೇಲೆಯೇ ಬಿಸಿಗೆ ಕರಗುವ ಅಂಟಿನ ಪುಡಿಯನ್ನು ಉದುರಿಸಿ ಒತ್ತುವ ವಿಧಾನ ಇಂದು ಬಳಕೆಯಲ್ಲಿದೆ. ಅದಕ್ಕೆ ಬಿಸಿಯೂ ಕಡಿಮೆ ಸಾಕು. ಹತ್ತಿಯೂ ಆಗುತ್ತದೆ, ಕರಿಯ ಬಟ್ಟೆಯೂ ಆಗುತ್ತದೆ. ಆದರೆ ಆ ಚಿತ್ರ ಎಳೆಯೊಳಗೆ ಇಳಿಯದೆ ತೆಳುವಾದ ಪದರವಾಗಿ ಮೇಲೆ ನಿಲ್ಲುತ್ತದೆ. ಆದ್ದರಿಂದ ಅಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿ ತಣ್ಣೀರಿನಲ್ಲಿ ಒಗೆಯಬೇಕು. ಚಿತ್ರದ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಇಡಬಾರದು.

ಬಟ್ಟೆ ಯಾವುದೆಂದು ಅರಿಯಲು ಸುಲಭ ಪರೀಕ್ಷೆಯೊಂದಿದೆ. ಒಳಹೊಲಿಗೆಯಿಂದ ಒಂದು ನೂಲನ್ನು ಎಳೆದು, ಇಕ್ಕಳದಲ್ಲಿ ಹಿಡಿದು ಎಚ್ಚರದಿಂದ ಉರಿಗೆ ಒಡ್ಡಿರಿ. ಹತ್ತಿಯಾದರೆ ಕಾಗದದಂತೆ ಉರಿದು ಮೆದುವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಮುದುಡಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಬೆರಕೆ ನೂಲಿನಲ್ಲಿ ಎರಡರ ಲಕ್ಷಣಗಳೂ ತೋರಬಹುದು. ಅಂತಹ ಬಟ್ಟೆಯಲ್ಲಿ ಪಾಲಿಯೆಸ್ಟರ್ ಇರುವಷ್ಟು ಮಾತ್ರ ಬಣ್ಣ ಉಳಿಯುತ್ತದೆ.

ನಮ್ಮ ಬೀದಿಯ ಆ ಗೃಹಿಣಿ ಯಂತ್ರವನ್ನು ಮಾರಲಿಲ್ಲ. ಈಗ ಯಾರು ಅಂಗಿಗಳನ್ನು ತಂದರೂ ಮೊದಲು ಒಂದು ನೂಲನ್ನು ಸುಟ್ಟು ನೋಡುತ್ತಾರೆ. ಒಂದು ಅಂಗಿಯ ಮೇಲೆ ಚಿತ್ರ ಮೂಡಿಸಿ ಮೂರು ಬಾರಿ ಒಗೆಯುತ್ತಾರೆ. ಬಣ್ಣ ನಿಂತ ಮೇಲೆಯೇ ಮುಂಗಡ ಹಣಕ್ಕೆ ಕೈಯೊಡ್ಡುತ್ತಾರೆ.