ಪಂಪ್ ದೊಡ್ಡದಾದ್ರೆ ಸಾಕಾ?

ಹಲಸಂಗಿ ಅಂದ್ರೆ ನಮ್ಮ ಸಂಘದವರಿಗೆ ಮೊದಲು ನೆನಪಾಗೋದು ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ‘ಗರತಿಯ ಹಾಡು’. ಕಳೆದ ರಜೆಯಲ್ಲಿ ನಾವು ನಾಲ್ವರು ಗೆಳೆಯನೊಬ್ಬನ ಜೊತೆ ಆ ಊರಿಗೆ ಹೋಗಿದ್ದೂ ಅದಕ್ಕೇ. ಆದರೆ ಎರಡು ದಿನ ಕಳೆದದ್ದು ಮಾತ್ರ ಅವನ ಕಾಕಾನ ಮಗನ ಕಾರಿನ ಬಾನೆಟ್ ಕೆಳಗೆ.

ಸೆಕೆಂಡ್ ಹ್ಯಾಂಡ್ ಕಾರು, 1.8 ಲೀಟರ್ ಟರ್ಬೊ ಪೆಟ್ರೋಲ್. ಕಂಪನಿಯಿಂದ ಬಂದಾಗ 250 ನ್ಯೂಟನ್ ಮೀಟರ್ ಟಾರ್ಕ್ ಇದ್ದದ್ದನ್ನು ಹಿಂದಿನ ಮಾಲೀಕರು ಟ್ಯೂನ್ ಮಾಡಿಸಿ ಸುಮಾರು 350ಕ್ಕೆ ಏರಿಸಿದ್ದರಂತೆ. ಝಳಕಿ ಹತ್ತಿರ ಸೋಲಾಪುರ ಹೆದ್ದಾರಿಯಲ್ಲಿ ನಾಲ್ಕನೇ ಗೇರಲ್ಲಿ ಪೂರ್ತಿ ಒತ್ತಿದರೆ 2,500 ಆರ್‌ಪಿಎಂ ಸುತ್ತ ಜರ್ಕ್ ಹೊಡೆದು ಚೆಕ್ ಎಂಜಿನ್ ದೀಪ ಹತ್ತುತ್ತಿತ್ತು. “ಪಂಪ್ ಸಾಲವಲ್ದು. ದೊಡ್ಡದು ಹಾಕಿಸಿಬಿಡ್ತೀನಿ ನೋಡ್ರೆಪಾ” ಅಂದ್ರು ಅಣ್ಣ. ದುಡ್ಡೂ ಹೊಂದಿಸಿಟ್ಟಿದ್ದರು. ನಾವು ಒಂದು ದಿನ ತಡೀರಿ ಅಂದೆವು.

ಮೊದಲು ಪಂಪಿನ ಕೆಲಸ ನೋಡೋಣ. ಹಳೇ ಪೆಟ್ರೋಲ್ ಎಂಜಿನ್ನುಗಳಲ್ಲಿ ಪೆಟ್ರೋಲನ್ನು ಇನ್‌ಟೇಕ್ ಪೋರ್ಟಿಗೆ ಚಿಮ್ಮಿಸ್ತಾರೆ, ಸಮಯ ಬೇಕಾದಷ್ಟಿರುತ್ತೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ನೇರ ಸಿಲಿಂಡರಿಗೇ. 6,000 ಆರ್‌ಪಿಎಂನಲ್ಲಿ ಇನ್‌ಟೇಕ್ ಸ್ಟ್ರೋಕ್ ಮುಗಿಯೋಕೆ 5 ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ಪೆಟ್ರೋಲ್ ಹೊಗಬೇಕು, ಹನಿ ಒಡೆದು ಗಾಳಿ ಜೊತೆ ಬೆರೆಯಲೂಬೇಕು. ಅದಕ್ಕೇ 150–200 ಬಾರ್ ಒತ್ತಡ. ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪು ಸುಮಾರು 5 ಬಾರಿನಲ್ಲಿ ಪೆಟ್ರೋಲ್ ಕಳಿಸುತ್ತೆ. ಕ್ಯಾಮ್‌ಶಾಫ್ಟಿನಿಂದ ಓಡೋ ಒಂದೇ ಪ್ಲಂಜರಿನ ಪಂಪು ಅದನ್ನು ಒತ್ತಿ ರೈಲಿಗೆ ತಳ್ಳುತ್ತೆ.

ಈ ಪಂಪು ಕ್ಯಾಮಿಗೆ ಕಟ್ಟುಬಿದ್ದಿರೋದರಿಂದ ಒಂದು ಮಜಾ ಇದೆ. ಎಂಜಿನ್ ಜೋರಾಗಿ ತಿರುಗಿದಷ್ಟೂ ಪಂಪಿನ ಸ್ಟ್ರೋಕುಗಳೂ ಹೆಚ್ಚುತ್ತವೆ. ಹಾಗಾಗಿ ಒಂದು ಸ್ಟ್ರೋಕಿಗೆ ಎಷ್ಟು ಪೆಟ್ರೋಲ್ ಬೇಕು ಅನ್ನೋದನ್ನ ತೀರ್ಮಾನಿಸೋದು ಪವರ್ ಅಲ್ಲ, ಟಾರ್ಕ್. ನಮಗೂ ಇದು ಹೊಳೆದದ್ದು ಲೆಕ್ಕ ಹಾಕಿದ ಮೇಲೇ. 350 ನ್ಯೂಟನ್ ಮೀಟರ್ ಅಂದ್ರೆ ಎರಡು ಸುತ್ತಿಗೆ (ಒಂದು ಸೈಕಲ್‌ಗೆ) 4π × 350, ಸುಮಾರು 4,400 ಜೂಲ್ ಕೆಲಸ. ದಕ್ಷತೆ 28% ಅಂತ ಹಿಡಿದರೆ 15,700 ಜೂಲಿನಷ್ಟು ಪೆಟ್ರೋಲ್ ಸುಡಬೇಕು. ಲೀಟರಿಗೆ 32 ಮೆಗಾಜೂಲ್ ಲೆಕ್ಕದಲ್ಲಿ ಅದು 0.49 ಮಿಲಿಲೀಟರ್. ಕ್ಯಾಮಿನಲ್ಲಿ ಮೂರು ಉಬ್ಬು ಇದ್ದರೆ ಪ್ರತಿ ಸ್ಟ್ರೋಕಿಗೆ 0.164. ಇನ್ನು ಪಂಪ್ ಕಡೆಯಿಂದ: ಪ್ಲಂಜರ್ ವ್ಯಾಸ 8 ಮಿಮೀ, ಲಿಫ್ಟ್ 4 ಮಿಮೀ ಅಂತಿಟ್ಟುಕೊಂಡರೆ 0.20 ಮಿಲಿಲೀಟರ್. ಸೋರಿಕೆ, ವಾಲ್ವ್ ತಡ ಎಲ್ಲ ಕಳೆದು 80% ಸಿಕ್ಕರೆ 0.16. ಅಂದರೆ 250ಕ್ಕೆ ಆರಾಮು, 350ಕ್ಕೆ ಕತ್ತಿಯ ಅಂಚು. ಜರ್ಕ್ ಕೆಂಪು ಗೆರೆ ಹತ್ತಿರ ಬಿಟ್ಟು ಟಾರ್ಕ್ ಗರಿಷ್ಠ ಇರೋ 2,500ರಲ್ಲೇ ಯಾಕೆ ಬರ್ತಿತ್ತು ಅಂತ ಆಗ ತಿಳೀತು.

ಇದರ ಮೇಲೆ ಇ20. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇದನ್ನು ಬಿಡುಗಡೆ ಮಾಡಿದರು. ಎಥೆನಾಲಿನಲ್ಲಿ ಲೀಟರಿಗೆ ಸುಮಾರು 21 ಮೆಗಾಜೂಲ್ ಮಾತ್ರ ಇರೋದರಿಂದ 20% ಬೆರೆಸಿದಾಗ ಅಷ್ಟೇ ಟಾರ್ಕಿಗೆ 7% ಹೆಚ್ಚು ಇಂಧನ ಬೇಕು. 0.164 ಇದ್ದದ್ದು 0.176 ಆಯ್ತು, ಪಂಪು ಸೋತಿತು. ಊರ ಸುತ್ತ ಕಬ್ಬು ಬೆಳೆಯೋ ಅಣ್ಣನಿಗೆ ಇದನ್ನು ಹೇಳಿದಾಗ, “ನಮ್ಮ ಕಬ್ಬೇ ನಮ್ಮ ಗಾಡಿಗೆ ಕಾಟ ಕೊಡಾಕತ್ತೇತಿ ಅಂದಂಗಾತು” ಅಂತ ನಕ್ಕರು.

ಹಾಗಾದರೆ 9 ಮಿಮೀ ಪ್ಲಂಜರ್ ಹಾಕಿದ್ರೆ? ಪ್ರಮಾಣ 27% ಏರುತ್ತೆ, ಸ್ಟ್ರೋಕಿಗೆ 0.20 ಸಿಗುತ್ತೆ. ಆದರೆ 150 ಬಾರಿನಲ್ಲಿ ಪ್ಲಂಜರ್ ಮೇಲಿನ ಬಲ 754ರಿಂದ 954 ನ್ಯೂಟನ್ನಿಗೆ ಹೋಗುತ್ತೆ. ಅದನ್ನೆಲ್ಲ ಹೊರೋದು ಪಂಪಿಗೂ ಕ್ಯಾಮಿಗೂ ನಡುವೆ ಕೂತಿರೋ ಪುಟ್ಟ ಫಾಲೋವರ್. ಅದು ಸವೆದು ತೂತಾದರೆ ಕ್ಯಾಮ್‌ಶಾಫ್ಟೂ ಹೋಯ್ತು. ಅಲ್ಲದೆ ಟ್ಯಾಂಕ್ ಪಂಪು ಕೊಡದೇ ಇದ್ದದ್ದನ್ನು ಮೇಲಿನ ಪಂಪು ಎಲ್ಲಿಂದ ತರಬೇಕು?

ಟ್ರ್ಯಾಕ್ಟರ್ ಮೆಕ್ಯಾನಿಕ್ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡೋದನ್ನ ನಾವೆಲ್ಲ ನೋಡಿದ್ದೇವೆ. ಅಲ್ಲಿ ಇಂಧನ ಕಡಿಮೆಯಾದ್ರೆ ಎಳೆತ ಕಡಿಮೆ, ಅಷ್ಟೇ. ಟರ್ಬೊ ಪೆಟ್ರೋಲಿನಲ್ಲಿ ಉಲ್ಟಾ. ಪೂರ್ತಿ ಬೂಸ್ಟ್ ಇರುವಾಗ ಪೆಟ್ರೋಲ್ ಕೊರತೆಯಾದರೆ ಉರಿಯ ತಾಪ ಏರಿ, ನಾಕ್ ಶುರುವಾಗಿ, ಪಿಸ್ಟನ್ ಕರಗೋವರೆಗೂ ಹೋಗಬಹುದು. ಅಣ್ಣ ಬೈಕೊಳ್ತಿದ್ದ ಆ ಜರ್ಕ್, ನಿಜವಾಗಿ ಇಸಿಯು ಎಂಜಿನ್ನನ್ನು ಉಳಿಸಿಕೊಳ್ತಿದ್ದ ರೀತಿ.

ಒಬಿಡಿ ಅಡಾಪ್ಟರ್ ಹಾಕಿ ಮೊಬೈಲಿನಲ್ಲಿ ಲಾಗ್ ತೆಗೆದೆವು. ಇಸಿಯು ಕೇಳಿದ್ದು 150 ಬಾರ್, ರೈಲಿನಲ್ಲಿ ಸಿಕ್ಕಿದ್ದು 105. ಇಂಜೆಕ್ಟರ್ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರೋದರಿಂದ ಸುಮಾರು 16% ಕೊರತೆ. ಕೆಳಗಿನ ಲೈನ್ ಒತ್ತಡ ನೋಡಿದರೆ 5 ಇರಬೇಕಾದಲ್ಲಿ 3 ಬಾರ್! ಫಿಲ್ಟರ್ ಕಟ್ಟಿಕೊಂಡಿತ್ತು. ಬದಲಾಯಿಸಿದ ಮೇಲೆ ರೈಲ್ ಒತ್ತಡ 130ಕ್ಕೆ ಬಂತು. (ಇಂಥ ಲೈನ್ ಬಿಚ್ಚುವ ಮೊದಲು ಒತ್ತಡ ಇಳಿಸಲೇಬೇಕು. 150 ಬಾರಿನ ಪೆಟ್ರೋಲ್ ಚರ್ಮ ಸೀಳಿ ಒಳಗೆ ಹೋಗುತ್ತೆ.)

ಉಳಿದ 20 ಬಾರಿನ ಕೊರತೆ ಪಂಪಿನದ್ದೇ. ಆಗ ದೊಡ್ಡ ಪ್ಲಂಜರ್, ಹೊಸ ಫಾಲೋವರ್, ಅದಕ್ಕೆ ತಕ್ಕ ಇಸಿಯು ಮ್ಯಾಪ್ ಮೂರನ್ನೂ ಒಟ್ಟಿಗೆ ಮಾಡಿಸಬೇಕು, ಇಲ್ಲವೇ ಟಾರ್ಕ್ ಇಳಿಸಬೇಕು. ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ, ಅದೂ ಲೆಕ್ಕದಲ್ಲಿರಲಿ. ನಾವು ಎರಡನೇ ದಾರಿ ಹೇಳಿದೆವು. 300 ನ್ಯೂಟನ್ ಮೀಟರಿಗೆ ಇ20ಯಲ್ಲೂ ಸ್ಟ್ರೋಕಿಗೆ 0.15 ಸಾಕು, ಪಂಪಿನ 0.16ರೊಳಗೇ ಬರುತ್ತೆ.

ಅಣ್ಣ ಟ್ಯೂನರ್ ಹತ್ತಿರ ಹೋಗಿ ಮಧ್ಯದ ಬೂಸ್ಟ್ ಇಳಿಸಿಕೊಂಡು ಬಂದರು. ಜರ್ಕ್ ಹೋಗಿದೆ, ದೀಪ ಹತ್ತೋದಿಲ್ಲ. “ಮೊದಲಿನ ಜೋರ್ ಇಲ್ಲ ಬಿಡ್ರಿ” ಅಂತ ಫೋನಿನಲ್ಲಿ ಇನ್ನೂ ಗೊಣಗ್ತಾರೆ.