ಸೊಂಟದ ಕೊಕ್ಕೆಯಲ್ಲೊಂದು ಕತ್ತಿ

ಬೆಳಗಿನ ತಿಂಡಿ ಮುಗಿಸಿ ತೋಟಕ್ಕೋ ಬೆಟ್ಟಕ್ಕೋ ಹೊರಡುವ ಸೊರಬದ ಕಡೆಯ ರೈತ ಅಂಗಳ ದಾಟುವ ಮೊದಲು ಒಮ್ಮೆ ಬೆನ್ನ ಹಿಂದೆ ಕೈಯಾಡಿಸಿ ನೋಡಿಕೊಳ್ಳುತ್ತಾನೆ. ಸೊಂಟಕ್ಕೆ ಬಿಗಿದ ಹಗ್ಗದಲ್ಲಿ ಒಂದು ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಅದಿದ್ದರೆ ಎರಡು ಕೈಯೂ ಖಾಲಿ. ಬೇಲಿ ಹಾರಬಹುದು, ಮರ ಹತ್ತಬಹುದು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಇಳಿಜಾರಿನಲ್ಲಿ ಬರಬಹುದು. ಅದಿಲ್ಲದೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದದ್ದೂ ಉಂಟು.

ಘಟ್ಟದ ಮೇಲಿನ ಬಯಲುಸೀಮೆಯವರಿಗೆ ಕತ್ತಿ ಎಂದರೆ ರಾಜರ ಕೈಯ ಖಡ್ಗ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಗುರಾಣಿಯ ಜೊತೆ ಕಾಣುವುದು ಆ ಕತ್ತಿ. ಮಲೆನಾಡಿನ ಮನೆಗಳಲ್ಲಿ ಅದೇ ಹೆಸರು ಸೌದೆ ಸೀಳುವ, ಎಳನೀರು ಕೆತ್ತುವ, ಮುಳ್ಳುಬಳ್ಳಿ ಸವರುವ ಬಾಗಿದ ಮೂತಿಯ ಹತ್ಯಾರಿಗೆ ಸಲ್ಲುತ್ತದೆ. ಪೇಟೆಯವರು ಅದನ್ನು ಮಚ್ಚು ಎನ್ನುತ್ತಾರೆ. ಸಿನಿಮಾ ಮತ್ತು ಅಪರಾಧ ಸುದ್ದಿಗಳು ಸೇರಿ ಆ ಪದಕ್ಕೆ ರಕ್ತ ಮೆತ್ತಿರುವುದರಿಂದ, ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಬಸ್ಸು ಹತ್ತುವ ಮಲೆನಾಡಿಗನನ್ನು ಕಂಡು ಪೇಟೆಯ ಪ್ರಯಾಣಿಕ ಒಂದಿಷ್ಟು ಸರಿದು ಕೂರುವುದು ಸಹಜವೇ.

ಅದೇ ಪೇಟೆಯಿಂದ ಇಂದು ವಾರದ ಕೊನೆಗೆ ಕೊಡಚಾದ್ರಿಗೋ ಆಗುಂಬೆಗೋ ಚಾರಣ ಬರುವ ಯುವಕರ ಬೆನ್ನುಚೀಲದಲ್ಲಿ ಬೇರೊಂದು ಸರಂಜಾಮು ಇರುತ್ತದೆ. ಮಡಿಚುವ ಗರಗಸ, ಗೇಣುದ್ದದ ಕೈಗೊಡಲಿ, ಚಾಕು-ಇಕ್ಕಳ-ಸ್ಕ್ರೂಡ್ರೈವರ್ ಎಲ್ಲ ಒಂದೇ ಹಿಡಿಯಲ್ಲಿ ಅಡಗಿದ ಉಪಕರಣ. ಕಾಡಿನಲ್ಲಿ ದಾರಿ ತಪ್ಪಿದರೆ ಗುಡಿಸಲು ಕಟ್ಟಿಕೊಳ್ಳಲು, ಬೆಂಕಿ ಹಾಕಲು ಇಷ್ಟಿರಬೇಕು ಎಂಬ ಈ ವಿಚಾರ ಬಹುಮಟ್ಟಿಗೆ ಪಶ್ಚಿಮದಿಂದ ಬಂದದ್ದು. ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬಾತ ‘ನೆಸ್‌ಮುಕ್’ ಎಂಬ ಹೆಸರಿನಲ್ಲಿ 1884ರಲ್ಲಿ ಬರೆದ ಕಾಡುವಾಸದ ಪುಸ್ತಕದಲ್ಲಿ ಇಬ್ಬಾಯಿಯ ಪುಟ್ಟ ಕೊಡಲಿ, ಮಡಿಚುವ ಚಾಕು, ಒರೆಯಲ್ಲಿಡುವ ಚಾಕು, ಈ ಮೂರು ಸಾಕು ಎಂದಿದ್ದ. ಆತನ ವಾದ ತೂಕದ ವಿರುದ್ಧ: ಹೊರುವುದು ಹೆಚ್ಚಾದಷ್ಟೂ ನಡೆಯುವುದು ಕಡಿಮೆ.

ಆದರೆ ಹತ್ಯಾರು ಹೊತ್ತು ಕಾಡು ಸುತ್ತುವ ಲೆಕ್ಕಾಚಾರ ಸಿಯರ್ಸ್‌ಗಿಂತ ಬಹಳ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ ‘ಓಟ್ಜಿ’ ಎಂಬ ಮನುಷ್ಯನ ಬಳಿ ತಾಮ್ರದ ಅಲಗಿನ ಕೊಡಲಿಯೊಂದಿತ್ತು, ಹೆಣೆದ ಒರೆಯಲ್ಲಿ ಚಕಮಕಿ ಕಲ್ಲಿನ ಚಾಕುವಿತ್ತು. ಇವೆರಡಕ್ಕಿಂತ ಕುತೂಹಲದ್ದು ಮೂರನೆಯದು: ಮೊಂಡಾದ ಕಲ್ಲಿನ ಅಲಗನ್ನು ಮತ್ತೆ ಹರಿತ ಮಾಡಿಕೊಳ್ಳಲು ಮರದ ತುಂಡಿಗೆ ಕೊಂಬಿನ ಮೊನೆ ಕೂರಿಸಿದ ಸಲಕರಣೆ. ಇಂದಿನ ಚಾರಣಿಗರಲ್ಲಿ ಅನೇಕರು ಮರೆತು ಬರುವ ಮಸೆಗಲ್ಲನ್ನು ಆತ ಮರೆತಿರಲಿಲ್ಲ.

ಮರದ ಕೆಲಸ ಎಷ್ಟೇ ಬಗೆಯದಾದರೂ ಕಾಡಿನಲ್ಲಿ ಬೇಕಾಗುವುದು ಮುಖ್ಯವಾಗಿ ಮೂರು: ಕಡಿಯುವುದು, ಕೊಯ್ಯುವುದು, ಸೀಳುವುದು. ಕಡಿಯಲು ತೂಕ ಬೇಕು. ಕೊಯ್ಯಲು ಹಲ್ಲು ಬೇಕು. ಗರಗಸಕ್ಕೆ ತೂಕದ ಹಂಗಿಲ್ಲ. ಎಳೆದಾಗ ಕೊಯ್ಯುವಂತೆ ಹಲ್ಲು ಕೊಟ್ಟರೆ ಅಲಗು ಬಿಗಿಯಾಗಿಯೇ ಇರುವುದರಿಂದ ತೆಳು ತಗಡೂ ಬಾಗುವುದಿಲ್ಲ. ಮಡಿಚುವ ಗರಗಸಗಳು ಹಗುರವಾಗಿರುವ ಗುಟ್ಟು ಇದೇ. ಬೀಸುವ ಹತ್ಯಾರಿಗಿಂತ ಅದು ಸುರಕ್ಷಿತ ಕೂಡ, ಏಟು ಜಾರಿ ಮೊಣಕಾಲಿಗೆ ಬೀಳುವ ಭಯವಿಲ್ಲ. ಆದರೆ ಗರಗಸ ಸೌದೆ ಸೀಳದು, ಬಳ್ಳಿ ಸವರದು.

ಮಲೆನಾಡಿನ ಕತ್ತಿ ಗೆಲ್ಲುವುದು ಇಲ್ಲಿ. ಅದರ ಭಾರವೆಲ್ಲ ಮುಂದೆ, ಮೂತಿಯ ಕಡೆ. ಹಿಡಿ ಹಗುರ. ಬೀಸಿದರೆ ಪುಟ್ಟ ಕೊಡಲಿಯ ಏಟು ಬೀಳುತ್ತದೆ. ಮೂತಿ ಒಳಕ್ಕೆ ಬಾಗಿರುವುದರಿಂದ ಬಳ್ಳಿಯನ್ನೂ ಕೊಂಬೆಯನ್ನೂ ಹತ್ತಿರಕ್ಕೆ ಎಳೆದು ಕತ್ತರಿಸಬಹುದು, ನೆಲಮಟ್ಟದ ಪೊದೆ ಸವರುವಾಗ ಮೊನೆ ಕಲ್ಲಿಗೆ ಬಡಿಯುವುದೂ ಕಡಿಮೆ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರದ ತುದಿಯಲ್ಲಿ ಒಂದು ಕೈಯಲ್ಲಿ ಮರ ತಬ್ಬಿ, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಹಾಕಿ ನೋಡದೆಯೇ ಕತ್ತಿ ಎಳೆಯುತ್ತಾನೆ. ಕೆಲಸ ಮುಗಿದ ಮೇಲೆ ನೋಡದೆಯೇ ಸಿಕ್ಕಿಸುತ್ತಾನೆ. ಒರೆಯಾಗಿದ್ದರೆ ಇದು ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಒದ್ದೆಯಾದ ತೊಗಲಿನ ಒರೆ ಅಲಗಿಗೆ ತುಕ್ಕು ಹಿಡಿಸುತ್ತದೆ. ತೆರೆದ ಕೊಕ್ಕೆಯಲ್ಲಿ ನೀರು ನಿಲ್ಲುವುದೇ ಇಲ್ಲ. ಕೊಡಗಿನವರ ಅಗಲ ಅಲಗಿನ ಒಡಿಕತ್ತಿಯೂ ಇದೇ ಬಗೆಯಲ್ಲಿ ಬೆನ್ನ ಹಿಂದಿನ ‘ತೊಡಂಗ್’ ಎಂಬ ಲೋಹದ ಕೊಕ್ಕೆಯಲ್ಲಿ ನಿಲ್ಲುತ್ತದೆ. ಯುದ್ಧದ ಕಾಲ ಮುಗಿದ ಮೇಲೆ ಅದು ಮದುವೆಯಲ್ಲಿ ಬಾಳೆಗಿಡ ಕಡಿಯುವ ಶಾಸ್ತ್ರಕ್ಕೆ ಉಳಿದುಕೊಂಡಿತು.

ಕತ್ತಿಯ ಹುಟ್ಟು ಕುಲುಮೆಯಲ್ಲಿ. ಲಾರಿಯ ಅಡಿಯ ಸ್ಪ್ರಿಂಗ್ ಪ್ಲೇಟು ಹಳತಾಗಿ ಗುಜರಿಗೆ ಬಿದ್ದರೆ ಅದು ಕಮ್ಮಾರನಿಗೆ ಬಂಗಾರ. ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲ ಸೇರಿದ ಆ ಉಕ್ಕು ಬಾಗಿದರೂ ಮುರಿಯದ ಗುಣದ್ದು. ಅದನ್ನು ಕೆಂಪಗೆ ಕಾಯಿಸಿ, ಬಡಿದು, ರೂಪ ಕೊಟ್ಟು, ಕೊನೆಗೆ ಬಾಯಿಯನ್ನು ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ ಥಟ್ಟನೆ ಗಡಸಾಗುತ್ತದೆ. ಆದರೆ ಗಾಜಿನಂತೆ ಸಿಡಿಯುವ ಗಡಸು ಅದು. ಆದ್ದರಿಂದ ಮತ್ತೆ ಹದವಾಗಿ ಬಿಸಿ ತಾಗಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೀಲಿ ಹರಿದು ಬರುತ್ತದೆ. ಸುಮಾರು 220 ಡಿಗ್ರಿಯಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗಿನ ಈ ಬಣ್ಣಗಳಲ್ಲಿ ಯಾವುದರಲ್ಲಿ ನಿಲ್ಲಿಸಬೇಕೆಂಬುದೇ ಕಸುಬು. ಬೇಗ ನಿಲ್ಲಿಸಿದರೆ ಬಾಯಿ ಹಲ್ಲು ಬೀಳುತ್ತದೆ, ತಡಮಾಡಿದರೆ ಮಡಿಚಿಕೊಳ್ಳುತ್ತದೆ. ‘ಹದ’ ಎಂಬ ಮಾತನ್ನು ಮಣ್ಣಿಗೂ ಪಾಕಕ್ಕೂ ಬಳಸುವ ಕನ್ನಡ, ಉಕ್ಕಿಗೂ ಅದನ್ನೇ ಬಳಸುತ್ತದೆ.

ಊರೂರು ತಿರುಗುವ ಬಡಗಿಯ ಚೀಲವೂ ಒಂದು ಪಾಠವೇ. ಬಾಚಿ, ಉಳಿ, ಕೊಡತಿ, ಬೈರಿಗೆ, ಕೈಗರಗಸ. ರೈತನ ಅಂಗಳದಲ್ಲಿ ಕೂತು ನೇಗಿಲನ್ನೋ ನೊಗವನ್ನೋ ಮಾಡಿಕೊಟ್ಟು ಕಾಳಿನ ರೂಪದಲ್ಲಿ ಆಯ ಪಡೆಯುತ್ತಿದ್ದವನಿಗೆ ಇವಿಷ್ಟೇ ಕಾರ್ಖಾನೆ. ಇವುಗಳಲ್ಲಿ ಬಾಚಿ ಒಂದೇ ಮೂರು ಕೆಲಸದ್ದು. ಮುಂದಿನ ಬಾಯಿ ಕೆತ್ತುತ್ತದೆ, ನವಿರಾಗಿ ಹಿಡಿದರೆ ಹೆರೆಯುತ್ತದೆ, ಹಿಂಬದಿ ಸುತ್ತಿಗೆಯಾಗುತ್ತದೆ.

ಇದಕ್ಕಿಂತಲೂ ಚಿಕ್ಕ ಹತ್ಯಾರು ಬೇಕೆಂದರೆ ಸೊರಬದ ಗುಡಿಗಾರರ ಮನೆಗೇ ಹೋಗಬೇಕು. ಸೊರಬ, ಸಾಗರ ಮತ್ತು ಉತ್ತರ ಕನ್ನಡದ ಕೆಲವು ಊರುಗಳಲ್ಲಿ ನೆಲೆಸಿರುವ ಈ ಕುಶಲಕರ್ಮಿಗಳ ಶ್ರೀಗಂಧದ ಕೆತ್ತನೆ ಹೆಸರಾದದ್ದು. ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಇವರ ಹತ್ಯಾರುಗಳ ಬಗ್ಗೆ ಒಂದು ಸ್ವಾರಸ್ಯ ದಾಖಲಿಸಿದ್ದಾರೆ. ಅತಿ ಸೂಕ್ಷ್ಮ ಕೆತ್ತನೆಯ ಉಳಿಗಳನ್ನು ಗುಡಿಗಾರರು ಯೂರೋಪಿನ ಕ್ಷೌರದ ಕತ್ತಿಗಳಿಂದ ಮಾಡಿಕೊಳ್ಳುತ್ತಿದ್ದರಂತೆ, ಉಕ್ಕು ಉತ್ತಮವಾದದ್ದೆಂಬ ಕಾರಣಕ್ಕೆ. ಅಂದು ಕ್ಷೌರದ ಕತ್ತಿ, ಇಂದು ಲಾರಿಯ ಪ್ಲೇಟು. ಹೊಸ ಉಕ್ಕು ಕೊಳ್ಳುವ ಬದಲು ಒಳ್ಳೆಯ ಉಕ್ಕನ್ನು ಗುರುತಿಸಿ ಮರುಬಳಸುವ ಜಾಣತನ ಎರಡೂ ಕಡೆ ಒಂದೇ.

ಕೈಯಲ್ಲಿ ಕತ್ತಿಯಿದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ಬೀಸುವಂತಿಲ್ಲ ಎಂಬ ತಿಳಿವಳಿಕೆಯೂ ಈ ಸೀಮೆಯದೇ. ಸೊರಬದ ‘ಕಾನು’ಗಳು ಹಸಿರು ಬತ್ತದ ದಟ್ಟ ಕಾಡುಗಳು. ಇವುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಷ್ಟು ಹಿಂದೆಯೇ ವರದಿ ಬರೆದಿದ್ದರು. ಕಾನಿನಲ್ಲಿ ಕಾಳುಮೆಣಸು ಕೊಯ್ಯಬಹುದಿತ್ತು, ಬೈನೆ ಮರದಿಂದ ಕಳ್ಳು ಇಳಿಸಬಹುದಿತ್ತು. ದೇವರಿದ್ದ ಕಾನಿನಲ್ಲಿ ಮಾತ್ರ ಹಸಿಮರಕ್ಕೆ ಕೊಡಲಿ ಹಾಕುವಂತಿರಲಿಲ್ಲ. ಮೆಣಸಿನ ಬಳ್ಳಿಗೆ ಮರದ ಆಸರೆ ಬೇಕು, ಕೆಳಗಿನ ಗದ್ದೆಗೆ ಕಾನಿನ ನೀರು ಬೇಕು. ಭಕ್ತಿಯ ಜೊತೆ ಲೆಕ್ಕವೂ ಇತ್ತು.

ಕಾನೂನು ಬಂದ ಮೇಲೆ ಕತ್ತಿಗೆ ಎರಡು ಮುಖವಾಯಿತು. ಮನೆ ಮತ್ತು ಬೇಸಾಯಕ್ಕೆಂದೇ ಮಾಡಿದ ಸಾಮಾನು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿನಲ್ಲಿ ಆಯುಧವಲ್ಲ. ಅದೇ ಕತ್ತಿ ಅಭಯಾರಣ್ಯದ ಗಡಿ ದಾಟಿದರೆ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧಗಳ ಪಟ್ಟಿಯಲ್ಲಿ ಚಾಕುವನ್ನೂ ಸೇರಿಸಿದೆ, ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯ ಹೊಗುವುದನ್ನು ನಿಷೇಧಿಸಿದೆ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋಗುವವರು ಇದನ್ನು ನೆನಪಿಡಬೇಕು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಮರ ಕಡಿಯುವುದು, ಬೆಂಕಿ ಹಾಕುವುದು ಅಪರಾಧ. ಮರದ ಜೊತೆ ಅದನ್ನು ಕಡಿದ ಹತ್ಯಾರು, ಸಾಗಿಸಿದ ವಾಹನ ಕೂಡ ಜಪ್ತಿಯಾಗುತ್ತವೆ. ಸೌದೆ, ಸೊಪ್ಪಿಗೆ ಕಾಡನ್ನೇ ನಂಬಿದ ಬಡವನಿಗೆ ಜಪ್ತಿಯಾದ ಕತ್ತಿ ಎಂದರೆ ಕೂಲಿಯೂ ಹೋಯಿತು ಎಂದರ್ಥ. ಚಾರಣಿಗನಿಗೆ ಅಷ್ಟು ನಷ್ಟವಿಲ್ಲ, ಆದರೆ ಪಶ್ಚಿಮದ ಪುಸ್ತಕ ಓದಿ ಹಸಿಕೊಂಬೆ ಕಡಿದು ಮಲಗಲು ಚಪ್ಪರ ಹಾಕಿಕೊಂಡರೆ ಆತನೂ ಅದೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಅನುಮತಿ ಪಡೆದ ತಾಣದಲ್ಲಿ ಗುಡಾರ ಹೂಡಿ, ಹೊತ್ತು ತಂದ ಒಣಸೌದೆ ಸೀಳುವುದಕ್ಕೆ ಚಿಕ್ಕ ಕತ್ತಿ ಧಾರಾಳವಾಯಿತು.

ಇನ್ನು ಕಾಡಿನಲ್ಲಿ ಜೀವ ಉಳಿಸಿಕೊಳ್ಳುವ ಮಾತು. ಈ ಸೀಮೆಯಲ್ಲಿ ಅದು ಹುಲಿ, ಕರಡಿಗಿಂತ ಹೆಚ್ಚಾಗಿ ಉಣ್ಣೆಯ ವಿಷಯ. 1957ರಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯಲೋಕ ಇಂದಿಗೂ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಕರೆಯುತ್ತದೆ. ಕಾಡಿನ ಉಣ್ಣೆ ಕಚ್ಚಿದರೆ ರೋಗಾಣು ಮನುಷ್ಯನಿಗೆ ದಾಟುತ್ತದೆ. ಮಂಗಗಳು ಸತ್ತು ಬೀಳುವುದು ಅದರ ಮುನ್ಸೂಚನೆ. ಹಾವಳಿ ಹೆಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ದರಗು ಗುಡಿಸುವ, ಸೌದೆ ತರುವ ಮತ್ತು ಚಾರಣಕ್ಕೂ ಹಿತವಾದ ಒಣ ತಿಂಗಳುಗಳಲ್ಲಿ. ತರಗೆಲೆಯ ಮೇಲೆ ಕೂರದಿರುವುದು, ಮೈತುಂಬ ಬಟ್ಟೆ ತೊಡುವುದು, ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಉಣ್ಣೆ ನಿರೋಧಕ ಎಣ್ಣೆ ಸವರಿಕೊಳ್ಳುವುದು, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುವುದು, ಇವು ಇಲ್ಲಿನ ನಿಯಮ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕತ್ತಿ ಮಸೆದು ಕೊಕ್ಕೆಗೆ ಸಿಕ್ಕಿಸುವ ಮುನ್ನ ಆ ಎಣ್ಣೆಯ ಸೀಸೆಗೂ ಒಮ್ಮೆ ಕೈ ಹಾಕುವ ಅಭ್ಯಾಸ ಎಲ್ಲ ಮನೆಗಳಲ್ಲಿ ಇನ್ನೂ ಬೇರೂರಿಲ್ಲ.